ಸಡ್ಬರಿಯ ಬೋಳುನೆಲಕ್ಕೆ ಹೊದಿಕೆ

ಕೆನಡಾದ ಒಂಟೇರಿಯೊ ಪ್ರಾಂತದ ಸಡ್ಬರಿಯಲ್ಲಿ ನಿಕಲ್ ಮತ್ತು ತಾಮ್ರದ ಅದಿರು ಬೆಳಕಿಗೆ ಬಂದದ್ದು 1883ರಲ್ಲಿ, ರೈಲುಹಾದಿ ಹಾಕುವ ಕಾಲಕ್ಕೆ. ಗಂಧಕ ತುಂಬಿದ ಆ ಅದಿರನ್ನು ಕರಗಿಸುವ ಮುನ್ನ ಹುರಿಯಬೇಕಿತ್ತು. 1888ರಿಂದ 1929ರವರೆಗೆ ಅದನ್ನು ಬಯಲಿನಲ್ಲಿ ಸೌದೆಯ ಹಾಸಿನ ಮೇಲೆ ರಾಶಿ ಹಾಕಿ ಬೆಂಕಿ ಕೊಡುತ್ತಿದ್ದರು. ಒಂದೊಂದು ರಾಶಿ ತಿಂಗಳುಗಟ್ಟಲೆ ಹೊಗೆಯಾಡುತ್ತಿತ್ತು. ಸೌದೆಗೆಂದು ಕಾಡು ಕಡಿದರು, ಉಳಿದ ಹಸಿರನ್ನು ಗಂಧಕದ ಹೊಗೆ ಕೊಂದಿತು, ಬೇರಿನ ಹಿಡಿತ ತಪ್ಪಿದ ಮಣ್ಣು ಕೊಚ್ಚಿಹೋಗಿ ಕಪ್ಪುಬಂಡೆ ಬಯಲಾಯಿತು.

ಟೇಲಿಂಗ್ಸ್‌ನದು ಬೇರೆಯೇ ಪಾಡು. ಅದಿರನ್ನು ನುಣ್ಣಗೆ ಅರೆದು ಲೋಹ ಬೇರ್ಪಡಿಸಿದ ಮೇಲೆ ಉಳಿಯುವ ಪುಡಿಯನ್ನು ನೀರಿನೊಡನೆ ಕೊಳವೆಯಲ್ಲಿ ಹರಿಸಿ ಸಡ್ಬರಿಯ ಕಾಪರ್ ಕ್ಲಿಫ್ ಬಳಿ ತುಂಬುತ್ತ ಬಂದರು. ಸಾವಿರಾರು ಎಕರೆ ಹರಡಿದ ಈ ಪುಡಿ ಒಣಗಿದೊಡನೆ ಗಾಳಿಗೆ ಏಳುತ್ತಿತ್ತು. ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ದೂಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಿಡ ಬೆಳೆಸಿಯೇ ದೂಳನ್ನು ತಡೆಯುವ ಕೆಲಸವನ್ನು ಅಲ್ಲಿ ಗಣಿ ನಡೆಸುತ್ತಿದ್ದ ಇಂಕೊ ಕಂಪನಿ 1957ರಲ್ಲಿ ಕೈಗೆತ್ತಿಕೊಂಡಿತು. ಟೇಲಿಂಗ್ಸ್‌ನ ಹುಳಿ ಮುರಿಯಲು ಸುಣ್ಣಕಲ್ಲಿನ ಪುಡಿ, ಜತೆಗೆ ಗೊಬ್ಬರ, ಹುಲ್ಲಿನ ಬೀಜ. ಇವುಗಳ ಸಂಗಡ ರೈ ಧಾನ್ಯವನ್ನೂ ಆಸರೆ ಬೆಳೆಯಾಗಿ ಬಿತ್ತಿದರು. ಬಿತ್ತನೆ ಗಾಳಿ ಬೀಸಿಬರುವ ಕಡೆಯಿಂದ ಶುರುವಾಗಬೇಕು. ಇಲ್ಲದಿದ್ದರೆ ಹಾರಿಬರುವ ಮರಳು ಎಳೆಯ ಸಸಿಗಳನ್ನು ಉಜ್ಜಿ ಕತ್ತರಿಸುತ್ತದೆ. ಸಡ್ಬರಿಯ ಕಥೆಯಲ್ಲಿ ಹೆಸರೆಲ್ಲ ಸುಣ್ಣಕ್ಕೇ ಹೋಗಿದೆ. ನೆರಳು ಕೊಟ್ಟು, ಗಾಳಿ ತಡೆದು, ಸತ್ತ ಮೇಲೂ ಕೂಳೆಯಾಗಿ ನಿಂತು ಹಿಮವನ್ನು ಹಿಡಿದ ರೈ ಬೆಳೆಗೆ ಅದರಲ್ಲಿ ಅರ್ಧ ಪಾಲಾದರೂ ಸಲ್ಲಬೇಕು.

ಇಂಥ ನೆಲಕ್ಕೆ ಹೊದಿಕೆ ಬೇಕಾಗುವುದು ಸುಮ್ಮನೆ ಅಲ್ಲ. ಬರಿಯ ಗಣಿತ್ಯಾಜ್ಯದ ಮೇಲ್ಮೈ ಕಡುಬಣ್ಣದ್ದಾದರೆ ಬಿಸಿಲಿಗೆ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆ ಕಾವಿಗೆ ಮೊಳಕೆಯ ಕಾಂಡ ನೆಲದ ಮಟ್ಟದಲ್ಲೇ ಬೆಂದುಹೋಗುತ್ತದೆ. ನೋಡಿದವರು ಬೀಜವೇ ಹುಟ್ಟಲಿಲ್ಲವೆಂದುಕೊಳ್ಳುತ್ತಾರೆ. ಚಳಿ ಶುರುವಾಗುವ ಹೊತ್ತಿನಲ್ಲಿ ತೊಂದರೆ ತಲೆಕೆಳಗಾಗುತ್ತದೆ. ರಾತ್ರಿ ಮಣ್ಣಿನ ತೇವ ಸೂಜಿಸೂಜಿಯಾಗಿ ಹೆಪ್ಪುಗಟ್ಟಿ ಮೇಲೇಳುವಾಗ ಸಸಿಯನ್ನೂ ಬೇರುಸಮೇತ ಎತ್ತಿ ಮಲಗಿಸುತ್ತದೆ. ಒಣಹುಲ್ಲು, ಮರದ ಚೂರು, ತರಗೆಲೆ, ಯಾವುದೇ ಹೊದಿಕೆಯಾದರೂ ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡು ಹಗಲಿನ ಕಾವನ್ನೂ ರಾತ್ರಿಯ ಚಳಿಯನ್ನೂ ತಗ್ಗಿಸುತ್ತದೆ.

ತೇವದ ಲೆಕ್ಕ ಇನ್ನೂ ಸೂಕ್ಷ್ಮ. ಕೊಳವೆಯ ಬಾಯಿಯ ಹತ್ತಿರ ದಪ್ಪ ಮರಳು ಕೂರುತ್ತದೆ, ನೀರು ಅಲ್ಲಿ ನಿಲ್ಲುವುದಿಲ್ಲ. ದೂರದಲ್ಲಿ ನುಣ್ಣನೆಯ ಕೆಸರು ಕೂರುತ್ತದೆ. ಅದರಲ್ಲಿ ನೀರಿದ್ದರೂ ಬೇರಿಗೆ ಸುಲಭವಾಗಿ ದಕ್ಕದು. ಮೇಲ್ಮೈ ಒಣಗಿದಂತೆಲ್ಲ ಆ ನೀರು ಕಣಗಳ ಸಂದಿನಿಂದ ಮೇಲೇರುತ್ತ ಆಮ್ಲವನ್ನೂ ಲವಣವನ್ನೂ ಎಳೆದು ತರುತ್ತದೆ, ಬೀಜ ಬಿದ್ದ ಜಾಗದಲ್ಲೇ ಗಟ್ಟಿ ಪದರ ಕಟ್ಟುತ್ತದೆ. ಹೊದಿಕೆ ಆವಿಯಾಗುವುದನ್ನು ತಗ್ಗಿಸಿದರೆ ಈ ವಿಷದ ಏರಿಕೆಯೂ ಕುಗ್ಗುತ್ತದೆ. ಮಳೆಹನಿಯ ಪೆಟ್ಟು ತಪ್ಪುವುದರಿಂದ ಮೇಲ್ಮೈ ಗಟ್ಟಿಯಾಗದೆ ನೀರು ಒಳಗಿಳಿಯುತ್ತದೆ.

ಹೊದಿಸುವುದರಲ್ಲೂ ಹದ ಬೇಕು. ಉತ್ತರ ಅಮೆರಿಕದ ಗಣಿಭೂಮಿಗಳಲ್ಲಿ ಹೆಕ್ಟೇರಿಗೆ ಸುಮಾರು 4ರಿಂದ 5 ಟನ್ ಒಣಹುಲ್ಲು ಹರಡಿ, ಗಾಳಿಗೆ ಹಾರದಂತೆ ತಟ್ಟೆಯಾಕಾರದ ಅಲಗುಗಳಿಂದ ಮಣ್ಣಿಗೆ ಒತ್ತುವ ರೂಢಿಯಿದೆ. ದಪ್ಪವಾದರೆ ಸಣ್ಣ ಮಳೆ ಹುಲ್ಲಿನಲ್ಲೇ ಇಂಗುತ್ತದೆ, ವಸಂತದಲ್ಲಿ ನೆಲ ಬೆಚ್ಚಗಾಗಲು ತಡವಾಗುತ್ತದೆ. ಬೆಳೆಗಾಲ ಮೊದಲೇ ಗಿಡ್ಡವಾದ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ. ಹುಲ್ಲನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಬದ್ದ ಸಾರಜನಕವನ್ನು ತಿಂದು ಸಸಿಗಳನ್ನು ಹಳದಿಗೆ ತಿರುಗಿಸುತ್ತವೆ, ಹಾಗಾಗಿ ಗೊಬ್ಬರ ಹೆಚ್ಚು ಕೊಡಬೇಕಾಗುತ್ತದೆ.

1972ರಲ್ಲಿ ಇಂಕೊದ ಅದಿರು ಕರಗಿಸುವ ಕುಲುಮೆಗೆ 381 ಮೀಟರ್ ಎತ್ತರದ ಚಿಮಣಿ ಎದ್ದು ಊರಿನ ಮೇಲಿನ ಹೊಗೆ ತಿಳಿಯಾಯಿತು. 1978ರಲ್ಲಿ ಸ್ಥಳೀಯ ಆಡಳಿತ ಸುತ್ತಲಿನ ಬೋಳುಗುಡ್ಡಗಳಿಗೆ ಕೈಹಾಕಿತು. ವಿದ್ಯಾರ್ಥಿಗಳೂ ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರೂ ಸುಣ್ಣದ ಚೀಲ ಹೊತ್ತು ಗುಡ್ಡ ಹತ್ತಿದರು. ಅಲ್ಲಿ ಹುಲ್ಲು ಹೊದಿಸುವ ಮಾತೇ ಇರಲಿಲ್ಲ. ಮಣ್ಣು ತೊಳೆದುಹೋಗಿ ಉಳಿದ ಕಲ್ಲುಹಾಸೇ ಆ ಕೆಲಸ ಮಾಡಿತು: ಬೀಜ ಕಲ್ಲುಗಳ ಸಂದಿಗೆ ಬಿತ್ತು, ಕಲ್ಲಿನಡಿಯ ತೇವ ಅದನ್ನು ಉಳಿಸಿತು. ಆಮೇಲೆ ತಾನಾಗಿ ಹುಟ್ಟಿದ ಬರ್ಚ್ ಮರಗಳು ವರ್ಷವರ್ಷವೂ ಎಲೆ ಉದುರಿಸಿ ನೆಲ ಮುಚ್ಚಿದವು. 2022ರ ವೇಳೆಗೆ ನೆಟ್ಟ ಮರಗಳ ಸಂಖ್ಯೆ ಒಂದು ಕೋಟಿ ಮುಟ್ಟಿತು. ಕಾಪರ್ ಕ್ಲಿಫ್‌ನ ಟೇಲಿಂಗ್ಸ್ ಮೇಲೆ ಈಚಿನ ವರ್ಷಗಳಲ್ಲಿ ನಗರದ ಕೊಳಚೆ ಸಂಸ್ಕರಣೆಯಿಂದ ಬರುವ ಗಸಿಯನ್ನೂ ಹರಡುತ್ತಿದ್ದಾರೆ.