ಬಣ್ಣದ ಬಟ್ಟಲಿನಿಂದ ಗಣಕಯಂತ್ರಕ್ಕೆ: ಜಪಾನಿನ ಕಾರ್ಟೂನ್ ಚಿತ್ರಗಳ ಕಥೆ

ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಜಪಾನೀ ಕಾರ್ಟೂನುಗಳ ಪರಿಚಯ ಹಿರಿಯರಿಗಿಂತ ಚೆನ್ನಾಗಿಯೇ ಇದೆ. ಆದರೆ ಅವು ನಮ್ಮ ತಲೆಮಾರಿಗೂ ತೀರ ಹೊಸವಲ್ಲ. 1993ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಮೋಗ್ಲಿಯ 'ಜಂಗಲ್ ಬುಕ್' ಜಪಾನಿನಲ್ಲಿ ತಯಾರಾದದ್ದು, ಅಲ್ಲಿ 1989ರಲ್ಲೇ ಪ್ರಸಾರ ಆರಂಭಿಸಿದ್ದು ಎಂಬ ಸಂಗತಿ ಅನೇಕರಿಗೆ ಅಂದು ತಿಳಿದಿರಲಿಲ್ಲ. ಆ ಮೋಗ್ಲಿ, ಬಘೀರ, ಶೇರ್‌ಖಾನರೆಲ್ಲ ಪಾರದರ್ಶಕ ಹಾಳೆಗಳ ಮೇಲೆ ಮನುಷ್ಯರ ಕೈ ಕುಂಚ ಹಿಡಿದು ತುಂಬಿದ ಬಣ್ಣದಿಂದ ಜೀವ ತಳೆದವರು. ಇಂದು ಮಕ್ಕಳು ನೋಡುವ ಹೊಸ ಚಿತ್ರಗಳ ಪಾತ್ರಗಳಿಗೆ ಅಂಥ ಬಟ್ಟಲಿನ ಬಣ್ಣ ಸೋಕುವುದಿಲ್ಲ.

ಇದನ್ನು ಕಂಡು, 'ಹಿಂದೆ ಮನುಷ್ಯರು ಬಿಡಿಸುತ್ತಿದ್ದರು, ಈಗ ಕಂಪ್ಯೂಟರೇ ಬಿಡಿಸುತ್ತದೆ' ಎಂದು ಹೇಳುವುದು ವಾಡಿಕೆ. ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ. ಯಂತ್ರ ಯಾರ ಕೆಲಸವನ್ನು ತೆಗೆದುಕೊಂಡಿತು, ಯಾರದನ್ನು ಬಿಟ್ಟಿತು ಎಂಬುದನ್ನು ತಿಳಿಯಬೇಕಾದರೆ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕು.

ಸೆಲ್ ಎಂಬ ಹಾಳೆ

ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ನಮ್ಮ ಕಣ್ಣಮುಂದೆ ಹಾದುಹೋಗುತ್ತವೆ. ಒಂದು ನಿಮಿಷಕ್ಕೆ 1,440 ಆಯಿತು. ಪ್ರತಿಯೊಂದರಲ್ಲೂ ಪಾತ್ರದ ಜೊತೆಗೆ ಮನೆ, ಮರ, ಬೆಟ್ಟಗಳನ್ನೂ ಮತ್ತೆ ಮತ್ತೆ ಬಿಡಿಸುತ್ತಾ ಕುಳಿತರೆ ಮುಗಿಯುವ ಕೆಲಸವೇ ಅಲ್ಲ. 1914ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಎಂಬಾತ ಇದಕ್ಕೊಂದು ಸುಲಭ ಉಪಾಯ ಹುಡುಕಿ ಪೇಟೆಂಟಿಗೆ ಅರ್ಜಿ ಹಾಕಿದ. ಹಿನ್ನೆಲೆಯನ್ನು ಒಂದೇ ಸಲ ಕಾಗದದ ಮೇಲೆ ಬಿಡಿಸಿಡುವುದು. ಚಲಿಸುವ ಪಾತ್ರವನ್ನು ಮಾತ್ರ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬಿಡಿಸಿ ಹಿನ್ನೆಲೆಯ ಮೇಲಿಟ್ಟು ಛಾಯಾಚಿತ್ರ ತೆಗೆಯುವುದು. ಸೆಲ್ಯುಲಾಯ್ಡ್ ಎಂಬ ಹೆಸರೇ ಕುಗ್ಗಿ 'ಸೆಲ್' ಆಯಿತು.

ರಸಾಯನಶಾಸ್ತ್ರ ಓದಿದವರಿಗೆ ಈ ವಸ್ತುವಿನ ಗುಣ ಗೊತ್ತು. ಮೊದಲಿನ ಸೆಲ್‌ಗಳು ಸೆಲ್ಯುಲೋಸ್ ನೈಟ್ರೇಟ್‌ನಿಂದ ಆದವು. ಕಿಡಿ ಸೋಕಿದರೆ ಭಗ್ಗನೆ ಹೊತ್ತಿಕೊಳ್ಳುವ ಜಾತಿಯವು. ಆಮೇಲೆ ಅಷ್ಟು ಅಪಾಯವಿಲ್ಲದ ಸೆಲ್ಯುಲೋಸ್ ಅಸಿಟೇಟ್ ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಜಪಾನಿನಲ್ಲಿ ಕಾರ್ಟೂನ್ ಚಿತ್ರಗಳು ಆರಂಭವಾದದ್ದು 1917ರಲ್ಲಿ. ಆದರೆ ಅಲ್ಲಿ ಸೆಲ್ ಬಹಳ ದುಬಾರಿಯಾಗಿತ್ತು. ಹಾಗಾಗಿ ಅಲ್ಲಿನ ಕಲಾವಿದರು ಬಹುಕಾಲ ಕಾಗದವನ್ನು ಕತ್ತರಿಸಿ, ಜೋಡಿಸಿ, ಸರಿಸುತ್ತಾ ಚಿತ್ರ ತೆಗೆದರು. ನೊಬುರೊ ಒಫುಜಿ ಎಂಬವರು ಬಣ್ಣದ ಅಚ್ಚಿನ ಅಲಂಕಾರ ಕಾಗದವನ್ನೇ ಬಳಸಿ ಹೆಸರು ಮಾಡಿದರು. ಕೆಂಜೊ ಮಾಸಾವೊಕಾ ಮುಂತಾದವರಿಂದ 1930ರ ದಶಕದಲ್ಲಿ ಸೆಲ್ ಬಳಕೆ ನೆಲೆಯೂರಿತು. ಇಂದು 'ಶುದ್ಧ ಸಂಪ್ರದಾಯ'ವೆಂದು ಹೊಗಳಿಸಿಕೊಳ್ಳುವ ಸೆಲ್ ಪದ್ಧತಿಯೇ ಒಂದು ಕಾಲಕ್ಕೆ ಹೊರಗಿನಿಂದ ಬಂದ ಹೊಸ ತಂತ್ರವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಾರ್ಖಾನೆಯಾದ ಕಲೆ

1956ರಲ್ಲಿ ತೋಯೆ ದೋಗಾ ಸಂಸ್ಥೆ ಸ್ಥಾಪನೆಯಾಯಿತು. ಎರಡು ವರ್ಷಗಳ ನಂತರ, 1958ರಲ್ಲಿ, ಚೀನೀ ದಂತಕಥೆಯೊಂದನ್ನು ಆಧರಿಸಿದ 'ಹಕುಜಾದೆನ್' ತೆರೆಕಂಡಿತು. ಅದು ಜಪಾನಿನ ಮೊದಲ ಪೂರ್ಣಪ್ರಮಾಣದ ಬಣ್ಣದ ಕಾರ್ಟೂನ್ ಚಿತ್ರ. ಅದನ್ನು ನೋಡಿ ಮನಸೋತ ವಿದ್ಯಾರ್ಥಿಗಳಲ್ಲಿ ಮುಂದೆ ಜಗತ್ಪ್ರಸಿದ್ಧರಾದ ಹಾಯಾವೊ ಮಿಯಾಜಾಕಿಯೂ ಒಬ್ಬರು.

1963ರ ಜನವರಿ 1ರಂದು ಒಸಾಮು ತೆಜುಕಾ ಅವರ 'ತೆತ್ಸುವಾನ್ ಆತೊಮು' ದೂರದರ್ಶನದಲ್ಲಿ ಆರಂಭವಾಯಿತು. ವಾರಕ್ಕೊಂದು ಕಂತು ಒದಗಿಸಬೇಕು, ಹಣವೂ ಕಡಿಮೆ. ತೆಜುಕಾ ಲೆಕ್ಕಾಚಾರದ ದಾರಿ ಹಿಡಿದರು. ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಷ್ಟು ಹೊತ್ತು ತೋರಿಸಿದರೆ ಸೆಕೆಂಡಿಗೆ 24ರ ಬದಲು 8 ಚಿತ್ರ ಸಾಕು. ಮಾತಾಡುವಾಗ ಬಾಯಿ ಮಾತ್ರ ಆಡಲಿ, ಮುಖ ಸ್ಥಿರವಾಗಿರಲಿ. ಒಮ್ಮೆ ಬಳಸಿದ ಸೆಲ್‌ಗಳನ್ನು ಎತ್ತಿಟ್ಟುಕೊಂಡು ಬೇರೆ ಕಂತಿನಲ್ಲಿ ಮತ್ತೆ ಬಳಸಿದರಾಯಿತು. ಹೀಗೆ ಬಡತನದಿಂದ ಹುಟ್ಟಿದ ಮಿತವ್ಯಯವೇ ಮುಂದೆ ಜಪಾನೀ ಶೈಲಿಯೆನಿಸಿಕೊಂಡಿತು.

ಆ ದಿನಗಳ ಕೆಲಸದ ಕ್ರಮ ಹೀಗಿತ್ತು. ಮೊದಲು ಚಿತ್ರಕಾರರು ಕಾಗದದ ಮೇಲೆ ಪೆನ್ಸಿಲಿನಿಂದ ಚಲನೆಯನ್ನು ಬಿಡಿಸುವರು. ಆ ಗೆರೆಗಳನ್ನು ಸೆಲ್‌ನ ಮೇಲ್ಮೈಗೆ ಶಾಯಿಯಲ್ಲಿ ತಿದ್ದುವವರು ಬೇರೆ. 1960ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಯಂತ್ರ ಬಂತು. ನಾವು ಕಚೇರಿಯಲ್ಲಿ ಬಳಸುತ್ತಿದ್ದ ಕಾರ್ಬನ್ ಕಾಗದದಂಥದೇ ಒಂದು ಹಾಳೆಯನ್ನು ನಡುವೆ ಇಟ್ಟು, ಶಾಖ ಕೊಟ್ಟು, ಪೆನ್ಸಿಲ್ ಗೆರೆಯನ್ನು ಸೆಲ್‌ಗೆ ಇಳಿಸುವ ಯಂತ್ರ. ಅನಂತರ ಸೆಲ್ ಅನ್ನು ಮಗುಚಿ ಹಿಂಬದಿಯಲ್ಲಿ ಬಣ್ಣ ತುಂಬಬೇಕು. ಹಿಂಬದಿಯಲ್ಲೇಕೆಂದರೆ ಬಣ್ಣ ಗೆರೆಯನ್ನು ಮುಚ್ಚಬಾರದು, ಕುಂಚದ ಏರುತಗ್ಗೂ ಮುಂದೆ ಕಾಣಬಾರದು. ಒಂದೊಂದು ಬಣ್ಣವೂ ಒಣಗಬೇಕು. ಬೆರಳಿನ ಗುರುತು ಬೀಳದಂತೆ ಕೈಗವಸು ಬೇಕು. ಸ್ಥಾಯಿ ವಿದ್ಯುತ್ತಿಗೆ ಸೆಲ್ ಧೂಳನ್ನು ಎಳೆದುಕೊಳ್ಳುವುದರಿಂದ ಪ್ರತಿ ಸಲವೂ ಒರೆಸಬೇಕು.

ಇನ್ನೊಂದು ಸೂಕ್ಷ್ಮವೂ ಇತ್ತು. ಹಾಳೆ ಎಷ್ಟೇ ಪಾರದರ್ಶಕವಾದರೂ ಸ್ವಲ್ಪ ಬೆಳಕನ್ನು ನುಂಗಿಯೇ ನುಂಗುತ್ತದೆ. ಮೂರು ನಾಲ್ಕು ಸೆಲ್‌ಗಳನ್ನು ಒಂದರ ಮೇಲೊಂದು ಇಟ್ಟಾಗ ಕೆಳಗಿನದರ ಬಣ್ಣ ಮಂಕಾಗಿ ಕಾಣುತ್ತದೆ. ಆದ್ದರಿಂದ ಒಂದೇ ಅಂಗಿಗೆ, ಅದು ಯಾವ ಪದರದಲ್ಲಿದೆ ಎಂಬುದನ್ನು ನೋಡಿ, ಬೇರೆ ಬೇರೆ ಬಟ್ಟಲಿನ ಬಣ್ಣ ಹಚ್ಚಬೇಕಾಗಿತ್ತು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ.

ಈ ಪದ್ಧತಿಯ ಶಿಖರವೆಂದು 1988ರ 'ಅಕಿರಾ' ಚಿತ್ರವನ್ನು ಹೇಳುತ್ತಾರೆ. ಕಾತ್ಸುಹಿರೊ ಓತೊಮೊ ನಿರ್ದೇಶಿಸಿದ ಆ ಚಿತ್ರಕ್ಕೆ 1,60,000ಕ್ಕೂ ಹೆಚ್ಚು ಸೆಲ್‌ಗಳು, 327 ಬಣ್ಣಗಳು ಬೇಕಾದವು. ಅವುಗಳಲ್ಲಿ 50 ಬಣ್ಣಗಳನ್ನು ಆ ಚಿತ್ರಕ್ಕೆಂದೇ ಹೊಸದಾಗಿ ತಯಾರಿಸಲಾಯಿತು.

ಬಣ್ಣ ತುಂಬಿದವರು

ಚಿತ್ರದ ಕೊನೆಯಲ್ಲಿ ನಿರ್ದೇಶಕರ ಹೆಸರು ದೊಡ್ಡದಾಗಿ ಬರುತ್ತದೆ. ಬಣ್ಣ ತುಂಬಿದವರ ಹೆಸರು ಸಣ್ಣ ಅಕ್ಷರದಲ್ಲಿ ಬೇಗ ಸರಿದುಹೋಗುತ್ತದೆ, ಎಷ್ಟೋ ಸಲ ಬರುವುದೂ ಇಲ್ಲ. ಅವರಲ್ಲಿ ಬಹುಪಾಲು ಹೆಂಗಸರು. ಹಾಳೆಗೆ ಇಷ್ಟೆಂದು ತುಂಡು ಲೆಕ್ಕದ ಕೂಲಿ. ಮನೆಯಲ್ಲೇ ಕುಳಿತು ಬಣ್ಣ ತುಂಬಿಕೊಟ್ಟ ಗೃಹಿಣಿಯರೂ ಇದ್ದರು. 1970ರ ದಶಕದಿಂದ ಈ ಕೆಲಸ ಕ್ರಮೇಣ ದಕ್ಷಿಣ ಕೊರಿಯಾಕ್ಕೆ, ಆಮೇಲೆ ಫಿಲಿಪೈನ್ಸ್ ಮುಂತಾದ ದೇಶಗಳಿಗೆ ಹೋಗತೊಡಗಿತು. ಅಂದರೆ ಗಣಕಯಂತ್ರ ಬರುವ ಮೊದಲೇ ಇವರ ಕೆಲಸಕ್ಕೆ ಕುತ್ತು ಬಂದಿತ್ತು.

ಇವರಲ್ಲಿ ಇಬ್ಬರನ್ನು ನೆನೆಯಲೇಬೇಕು. ಮಿಚಿಯೊ ಯಾಸುದಾ 1958ರಲ್ಲಿ ತೋಯೆ ದೋಗಾ ಸೇರಿ ಕೆಳಗಿನ ಮೆಟ್ಟಿಲಿನಿಂದ ಕೆಲಸ ಕಲಿತವರು. ಮುಂದೆ ಮಿಯಾಜಾಕಿ ಮತ್ತು ಇಸಾವೊ ತಕಾಹಾತ ಅವರ ಚಿತ್ರಗಳಿಗೆ ಬಣ್ಣಗಳನ್ನು ನಿಗದಿ ಮಾಡಿದವರು ಆಕೆಯೇ. ಕುಂಚದ ಕಾಲದಲ್ಲೂ ಗಣಕಯಂತ್ರದ ಕಾಲದಲ್ಲೂ ಅವರ ಕಣ್ಣಿಗೇ ಕೊನೆಯ ಮಾತು. 2016ರಲ್ಲಿ ತೀರಿಕೊಂಡರು.

ಇನ್ನೊಬ್ಬರು ಯೊಕೊ ಹತ್ತಾ. ತೆಜುಕಾ ಅವರ ಮುಶಿ ಪ್ರೊಡಕ್ಷನ್‌ನಲ್ಲಿ ಬಣ್ಣ ತುಂಬುವ ಕೆಲಸ ಮಾಡಿದ್ದವರು. ಮದುವೆಯಾಗಿ ಕ್ಯೋಟೊ ಕಡೆಗೆ ಬಂದ ಮೇಲೆ ನೆರೆಹೊರೆಯ ಗೃಹಿಣಿಯರನ್ನು ಕೂಡಿಸಿಕೊಂಡು 1981ರಲ್ಲಿ ಸೆಲ್‌ಗೆ ಬಣ್ಣ ತುಂಬಿಕೊಡುವ ಕೆಲಸ ಆರಂಭಿಸಿದರು. ಅದೇ ಬೆಳೆದು 'ಕ್ಯೋಟೊ ಆನಿಮೇಷನ್' ಎಂಬ ಹೆಸರಾಂತ ಸಂಸ್ಥೆಯಾಯಿತು. ಬೇರೆಯವರ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದವರು ತಮ್ಮದೇ ಚಿತ್ರಗಳನ್ನು ತಯಾರಿಸಿದರು.

ಯಂತ್ರ ಬಂದ ಬಗೆ

1990ರ ದಶಕದಲ್ಲಿ ಬಣ್ಣ ತುಂಬುವ ಸಾಫ್ಟ್‌ವೇರ್‌ಗಳು ಜಪಾನಿಗೆ ಬಂದವು. 1993ರಲ್ಲಿ ಅಲ್ಲಿಯದೇ ಆದ 'ರೆಟಾಸ್' ಹೊರಬಂತು. 1997ರಲ್ಲಿ ತೋಯೆ ತನ್ನ ಟಿ.ವಿ. ಧಾರಾವಾಹಿಯನ್ನು ಹೊಸ ಪದ್ಧತಿಗೆ ಬದಲಾಯಿಸಿತು. ಅದೇ ವರ್ಷ ಬಂದ ಮಿಯಾಜಾಕಿಯವರ 'ಮೊನೊನೊಕೆ ಹಿಮೆ' ಬಹುಮಟ್ಟಿಗೆ ಸೆಲ್ ಚಿತ್ರವೇ. ಆದರೂ ಅದರ ಕೆಲವು ನಿಮಿಷಗಳಷ್ಟು ಭಾಗಕ್ಕೆ ಗಣಕಯಂತ್ರದಲ್ಲಿ ಬಣ್ಣ ತುಂಬಬೇಕಾಯಿತು. 2001ರಲ್ಲಿ ಬಂದ ಅವರ ಮುಂದಿನ ಚಿತ್ರ, ಆಸ್ಕರ್ ಪಡೆದ 'ಸ್ಪಿರಿಟೆಡ್ ಅವೇ', ಸೆಲ್ ಇಲ್ಲದೆಯೇ ತಯಾರಾಯಿತು.

ಎಲ್ಲರಿಗಿಂತ ಕೊನೆಗೆ ಬಿಟ್ಟುಕೊಟ್ಟದ್ದು 'ಸಜಾಯೆ-ಸಾನ್'. 1969ರಿಂದ ಭಾನುವಾರ ಸಂಜೆ ಬರುವ ಈ ಸಂಸಾರ ಕಥೆಯ ಕೊನೆಯ ಸೆಲ್ ಕಂತು ಪ್ರಸಾರವಾದದ್ದು 2013ರ ಸೆಪ್ಟೆಂಬರ್ 29ರಂದು. ಅಲ್ಲಿಗೆ ಜಪಾನಿನ ಟಿ.ವಿ.ಯಲ್ಲಿ ಸೆಲ್ ಯುಗ ಮುಗಿಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಯಂತ್ರ ಏನನ್ನು ತೆಗೆದುಕೊಂಡಿತು? ಶಾಯಿ, ಬಣ್ಣ, ಒಣಹಾಕುವ ಹಲಗೆ, ಕ್ಯಾಮೆರಾ, ಫಿಲ್ಮು - ಇವಿಷ್ಟನ್ನು. ಪೆನ್ಸಿಲನ್ನು ಅದು ಕೂಡಲೇ ಕಿತ್ತುಕೊಳ್ಳಲಿಲ್ಲ. ಕಾಗದದ ಮೇಲೆ ಕೈಯಿಂದ ಬಿಡಿಸಿದ ಚಿತ್ರವನ್ನೇ ಸ್ಕ್ಯಾನ್ ಮಾಡಿ ಬಣ್ಣ ತುಂಬುವುದು ಪದ್ಧತಿಯಾಯಿತು. ಈಚೆಗೆ ಗಾಜಿನ ಫಲಕದ ಮೇಲೆ ನೇರವಾಗಿ ಬಿಡಿಸುವವರೂ ಹೆಚ್ಚಿದ್ದಾರೆ. ಆದರೆ ಅಲ್ಲಿಯೂ ಬಿಡಿಸುವುದು ಮನುಷ್ಯನ ಕೈಯೇ. 2023ರಲ್ಲಿ ಮಿಯಾಜಾಕಿ ತಮ್ಮ ಎಂಬತ್ತರ ಹರೆಯದಲ್ಲಿ ಹೊರತಂದ 'ದಿ ಬಾಯ್ ಅಂಡ್ ದ ಹೆರಾನ್' ಚಿತ್ರದ ಪಾತ್ರಗಳೂ ಕೈಬರಹದವೇ.

ವಿಚಿತ್ರವೆಂದರೆ ಹಳೆಯ ಮಾತುಗಳೂ ಉಳಿದುಕೊಂಡಿವೆ. ಚಿತ್ರದ ಪದರಗಳನ್ನು ಇಂದಿಗೂ 'ಎ ಸೆಲ್', 'ಬಿ ಸೆಲ್' ಎನ್ನುತ್ತಾರೆ. ಕ್ಯಾಮೆರಾ ಇಲ್ಲದಿದ್ದರೂ ಪದರಗಳನ್ನು ಕೂಡಿಸುವ ವಿಭಾಗಕ್ಕೆ 'ಛಾಯಾಗ್ರಹಣ' ಎಂದೇ ಹೆಸರು. ಸರ್ಕಾರಿ ಕಚೇರಿಯವರಿಗೆ ಇದು ಅರ್ಥವಾಗುತ್ತದೆ. ಎಲ್ಲವೂ ಪರದೆಯ ಮೇಲೆ ಬಂದಿದ್ದರೂ ನಾವು 'ಫೈಲು ಮೇಜಿಗೆ ಬಂದಿದೆ' ಎಂದೇ ಹೇಳುತ್ತೇವಲ್ಲವೇ?

ಲಾಭ, ನಷ್ಟ

ಹೊಸ ಪದ್ಧತಿಯಿಂದಾದ ಲಾಭ ಸಣ್ಣದಲ್ಲ. ಧೂಳಿಲ್ಲ, ಗೀಚುಗಳಿಲ್ಲ, ಪದರಗಳಿಗೆ ಮಿತಿಯಿಲ್ಲ. ಸೆಲ್ ಮೇಲೆ ಚಲಿಸುವ ಪಾತ್ರಕ್ಕೆ ಸಮತಟ್ಟಾದ ಬಣ್ಣ ಮಾತ್ರ ಸಾಧ್ಯವಿತ್ತು. ಆದ್ದರಿಂದಲೇ ಹಳೆಯ ಚಿತ್ರಗಳಲ್ಲಿ ಬೆಟ್ಟದ ಯಾವ ಬಂಡೆ ಉರುಳಲಿದೆ ಎಂದು ಮಕ್ಕಳು ಮೊದಲೇ ಹೇಳಿಬಿಡುತ್ತಿದ್ದರು; ಅದೊಂದೇ ಸಮತಟ್ಟಾಗಿ ಕಾಣುತ್ತಿತ್ತು! ತಕಾಹಾತ ಅವರು 1999ರ ತಮ್ಮ ಚಿತ್ರದಲ್ಲಿ ಗಣಕಯಂತ್ರದ ನೆರವಿನಿಂದಲೇ ಜಲವರ್ಣದ ತಿಳಿಬಣ್ಣಗಳನ್ನು ತಂದರು. 2013ರ ಅವರ 'ರಾಜಕುಮಾರಿ ಕಾಗುಯಾ' ಚಿತ್ರದಲ್ಲಿ ಇದ್ದಿಲಿನ ಒರಟು ಗೆರೆಯೇ ಎದ್ದು ಓಡುತ್ತದೆ. ಕೈಯ ಗುರುತು ಸೆಲ್‌ಗಿಂತ ಯಂತ್ರದಲ್ಲೇ ಹೆಚ್ಚು ಉಳಿಯಿತೆಂದರೆ ತಪ್ಪಾಗದು.

ಆದರೆ ಕಾಪಾಡುವ ವಿಷಯ ಬಂದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಸೆಲ್ ಚಿತ್ರಗಳು ಫಿಲ್ಮಿನ ಮೇಲಿವೆ. 35 ಮಿ.ಮೀ. ನೆಗೆಟಿವ್ ಚೆನ್ನಾಗಿದ್ದರೆ ಅದರಿಂದ ಇಂದಿನ ದೊಡ್ಡ ಪರದೆಗೂ ಸಾಲುವಷ್ಟು ಸ್ಪಷ್ಟ ಪ್ರತಿ ತೆಗೆಯಬಹುದು. 'ಅಕಿರಾ' 2020ರಲ್ಲಿ ಹಾಗೆ ಹೊಸ ಹೊಳಪಿನೊಂದಿಗೆ ಬಂತು. 2000ದ ಆಸುಪಾಸಿನಲ್ಲಿ ಮೊದಮೊದಲು ಗಣಕಯಂತ್ರದಲ್ಲಿ ತಯಾರಾದ ಅನೇಕ ಧಾರಾವಾಹಿಗಳಿಗೆ ಆ ಭಾಗ್ಯವಿಲ್ಲ. ಅಂದಿನ ಚಿಕ್ಕ ಟಿ.ವಿ.ಗೆ ತಕ್ಕ ಅಳತೆಯಲ್ಲಿ ಮುಗಿಸಿದ ಅವುಗಳಲ್ಲಿ ಅದಕ್ಕಿಂತ ಹೆಚ್ಚಿನ ವಿವರವೇ ಇಲ್ಲ. ಹಳೆಯದು ನಿಚ್ಚಳ, ಹೊಸದು ಮಸುಕು!

ಇದಕ್ಕೆ ನಮ್ಮ ದೇಶದ ಉದಾಹರಣೆಯೂ ಉಂಟು. 1983ರಲ್ಲಿ ಭಾರತಕ್ಕೆ ಬಂದ ಯುಗೊ ಸಾಕೊ ರಾಮಾಯಣಕ್ಕೆ ಮಾರುಹೋಗಿ, ನಮ್ಮ ರಾಮ್ ಮೋಹನ್ ಅವರ ಜೊತೆ ಸೇರಿ 1992ರಲ್ಲಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಚಿತ್ರವನ್ನು ಪೂರೈಸಿದರು. ಅದಕ್ಕೆ ಸುಮಾರು ಒಂದು ಲಕ್ಷ ಸೆಲ್‌ಗಳು ಬೇಕಾದವು. 2025ರ ಜನವರಿ 24ರಂದು ಅದು 4ಕೆ ರೂಪದಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಅದನ್ನು ರೂಪಿಸಿದ ಇಬ್ಬರೂ ಇರಲಿಲ್ಲ. ಸಾಕೊ 2012ರಲ್ಲಿ, ರಾಮ್ ಮೋಹನ್ 2019ರಲ್ಲಿ ತೀರಿಕೊಂಡಿದ್ದರು.

ಸೆಲ್ ಹಾಳೆಗಳ ಗತಿಯೇ ಬೇರೆ. ಚಿತ್ರೀಕರಣ ಮುಗಿದ ಮೇಲೆ ಅವು ಜಾಗ ತಿನ್ನುವ ಕಸ. ಎಷ್ಟೋ ರಾಶಿಗಳನ್ನು ಎಸೆದುಬಿಟ್ಟರು. ಉಳಿದವು ಇಂದು ಸಂಗ್ರಾಹಕರ ಕೈಯಲ್ಲಿ ಬೆಲೆಬಾಳುತ್ತವೆ. ಆದರೆ ಅಸಿಟೇಟ್ ಹಾಳೆ ಶೆಕೆ, ತೇವಗಳಿಗೆ ಸಿಕ್ಕಿದರೆ ನಿಧಾನವಾಗಿ ವಿಭಜನೆಯಾಗಿ ಅಸಿಟಿಕ್ ಆಮ್ಲ ಬಿಡುತ್ತದೆ. ವಿನಿಗರ್ ವಾಸನೆ ಬರುತ್ತದೆ. ಹೊರಬಂದ ಆಮ್ಲವೇ ವಿಭಜನೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಹಾಳೆ ಮುರುಟುತ್ತದೆ, ಬಣ್ಣ ಬಿರಿಯುತ್ತದೆ.

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗಬಹುದೇ? 2019ರ ಜುಲೈ 18ರಂದು ಕ್ಯೋಟೊ ಆನಿಮೇಷನ್‌ನ ಸ್ಟುಡಿಯೋಗೆ ದುಷ್ಕರ್ಮಿಯೊಬ್ಬ ಬೆಂಕಿಯಿಟ್ಟ. ಹೌದು, ನೆರೆಮನೆಯ ಹೆಂಗಸರನ್ನು ಕೂಡಿಸಿ ಯೊಕೊ ಹತ್ತಾ ಆರಂಭಿಸಿದ್ದ ಅದೇ ಸಂಸ್ಥೆ. ಕಾಗದದ ಮೇಲಿದ್ದ ಚಿತ್ರಗಳು ಸುಟ್ಟುಹೋದವು. ಆದರೆ ಕಟ್ಟಡದಲ್ಲಿದ್ದ ಸರ್ವರ್‌ನಿಂದ ಗಣಕಯಂತ್ರದ ದಾಖಲೆಗಳನ್ನು ಹೊರತೆಗೆಯಲು ಕೆಲವೇ ದಿನಗಳಲ್ಲಿ ಸಾಧ್ಯವಾಯಿತು. ಯಂತ್ರದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆದರೆ ಆ ಬೆಂಕಿಗೆ 36 ಜನ ಬಲಿಯಾದರು. ಚಿತ್ರಕಾರರು, ನಿರ್ದೇಶಕರು, ಬಣ್ಣ ಗೊತ್ತುಪಡಿಸುವವರು. ಅವರು ಬಿಡಿಸಿದ್ದು ಉಳಿಯಿತು. ಇನ್ನು ಬಿಡಿಸಬೇಕಾಗಿದ್ದ ಕೈಗಳು ಹೋದವು.

ಸೆಲ್ ಮೇಲೋ ಗಣಕಯಂತ್ರ ಮೇಲೋ ಎಂಬ ಚರ್ಚೆ ಜಪಾನಿನಲ್ಲಿ ಇನ್ನೂ ನಡೆದಿದೆ, ನಡೆಯಲಿ. ಒಂದು ಶತಮಾನದ ಚರಿತ್ರೆ ಮಾತ್ರ ಹೇಳುವುದಿಷ್ಟೇ: ಕಾಗದ ಹೋಗಿ ಸೆಲ್ ಬಂತು, ಸೆಲ್ ಹೋಗಿ ಯಂತ್ರ ಬಂತು. ಪ್ರತಿ ಸಲವೂ ಕೆಲಸ ಕಳೆದುಕೊಂಡವರು ಹೆಸರಿಲ್ಲದವರು, ಕೆಲಸ ಕಲಿಸಿಕೊಟ್ಟವರೂ ಅವರೇ. ಮುಂದಿನ ಸಲ ಮಕ್ಕಳ ಜೊತೆ ಇಂಥ ಚಿತ್ರ ನೋಡಲು ಕುಳಿತಾಗ, ಕೊನೆಯಲ್ಲಿ ಹೆಸರುಗಳು ಬರುವ ಹೊತ್ತಿಗೆ ಟಿ.ವಿ. ಆರಿಸಬೇಡಿ. ಆ ಸಣ್ಣ ಅಕ್ಷರಗಳು ಪೂರ್ತಿ ಸರಿದುಹೋಗುವವರೆಗೆ ಕುಳಿತಿರಿ.