ರೋಗ ಬಂದಾಗ ಮ್ಯಾಚ್ ನಿಲ್ಲಿಸೋದು ಯಾರ ಕೈಲಿದೆ? ಎಬೋಲಾ, ಮೊರಾಕ್ಕೊ ಮತ್ತು 2015ರ ಆಫ್ರಿಕಾ ಕಪ್

ಫುಟ್ಬಾಲ್ ನೋಡುವ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ವಾದ ಆಗಾಗ ಎದ್ದು ಬರುತ್ತೆ. ಸಾಂಕ್ರಾಮಿಕ ರೋಗ ಹರಡುತ್ತಿರುವಾಗ ಅಂತಾರಾಷ್ಟ್ರೀಯ ಟೂರ್ನಿಯೊಂದನ್ನು ಮುಂದೂಡಬೇಕೋ ಬೇಡವೋ ಅಂತ ತೀರ್ಮಾನ ಮಾಡೋರು ಯಾರು? ಸರ್ಕಾರ ಅಂತ ಒಬ್ಬರು, ವಿಶ್ವ ಆರೋಗ್ಯ ಸಂಸ್ಥೆ ಅಂತ ಇನ್ನೊಬ್ಬರು, ‘ಫಿಫಾ, ಮತ್ತ್ಯಾರು?’ ಅಂತ ಮೂರನೆಯವರು. ನಾನೂ ತುಂಬಾ ದಿನ ವಿಶ್ವ ಆರೋಗ್ಯ ಸಂಸ್ಥೆ ಅಂತಲೇ ನಂಬಿದ್ದೆ. ಅದು ತಪ್ಪು. ಆ ಸಂಸ್ಥೆ ಕೊಡೋದು ಸಲಹೆ ಮಾತ್ರ. 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪ್ರಕಾರ ಅದು ತುರ್ತುಸ್ಥಿತಿ ಘೋಷಿಸಬಹುದು, ಶಿಫಾರಸು ಮಾಡಬಹುದು. ಯಾವ ಪಂದ್ಯವನ್ನೂ ನಿಲ್ಲಿಸುವ ಅಧಿಕಾರ ಅದಕ್ಕಿಲ್ಲ.

ಹಾಗಾದ್ರೆ ಯಾರಿಗಿದೆ? ಇದನ್ನು ಅರ್ಥ ಮಾಡಿಕೊಳ್ಳೋಕೆ ಕೋವಿಡ್‌ಗಿಂತ ಒಳ್ಳೆಯ ಉದಾಹರಣೆ 2014-15ರ ಎಬೋಲಾ. ಕೋವಿಡ್ ಬಂದಾಗ ಇಡೀ ಜಗತ್ತು ಒಟ್ಟಿಗೆ ನಿಂತುಹೋಯಿತು, ಯಾರೂ ಯಾರನ್ನೂ ಪ್ರಶ್ನಿಸುವ ಹಾಗಿರಲಿಲ್ಲ. ಎಬೋಲಾ ವಿಷಯದಲ್ಲಿ ಒಂದು ದೇಶ ‘ಮುಂದೂಡಿ’ ಅಂದಿತು, ಫುಟ್ಬಾಲ್ ಒಕ್ಕೂಟ ‘ಆಗಲ್ಲ’ ಅಂದಿತು. ಆಮೇಲೆ ಆದದ್ದೆಲ್ಲ ರಾಜಕೀಯ.

ಮೊರಾಕ್ಕೊ ಕೇಳಿದ್ದೇನು?

ಆಫ್ರಿಕಾ ಕಪ್ ಆಫ್ ನೇಷನ್ಸ್ ಟೂರ್ನಿ 2015ರ ಜನವರಿ 17ರಿಂದ ಮೊರಾಕ್ಕೊದಲ್ಲಿ ನಡೆಯಬೇಕಿತ್ತು. ಅದಕ್ಕೂ ಮುಂಚೆ, 2014ರ ಆಗಸ್ಟ್ 8ರಂದು, ವಿಶ್ವ ಆರೋಗ್ಯ ಸಂಸ್ಥೆ ಪಶ್ಚಿಮ ಆಫ್ರಿಕಾದ ಎಬೋಲಾವನ್ನು ಅಂತಾರಾಷ್ಟ್ರೀಯ ತುರ್ತುಸ್ಥಿತಿ ಅಂತ ಘೋಷಿಸಿತ್ತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಈ ಮೂರು ದೇಶಗಳಲ್ಲಿ ಆಸ್ಪತ್ರೆಗಳೇ ಕುಸಿದುಬಿದ್ದಿದ್ದವು. ರೋಗ ಪೂರ್ತಿ ಅಡಗುವ ಹೊತ್ತಿಗೆ 28,600ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತು, 11,300ಕ್ಕೂ ಹೆಚ್ಚು ಜನ ಸತ್ತಿದ್ದರು.

ಅಕ್ಟೋಬರ್‌ನಲ್ಲಿ ಮೊರಾಕ್ಕೊ ಸರ್ಕಾರ ಟೂರ್ನಿಯನ್ನು ಮುಂದೂಡಿ ಅಂತ ಕೇಳಿತು. ಪಶ್ಚಿಮ ಆಫ್ರಿಕಾದಿಂದ ಸಾವಿರಾರು ಅಭಿಮಾನಿಗಳು ಬರ್ತಾರೆ, ನಮ್ಮ ಜನರ ಆರೋಗ್ಯಕ್ಕೆ ಅಪಾಯ ಅನ್ನೋದು ವಾದ. ಆಫ್ರಿಕಾ ಫುಟ್ಬಾಲ್ ಒಕ್ಕೂಟ, ಅಂದ್ರೆ ಸಿಎಎಫ್, ಒಪ್ಪಲಿಲ್ಲ. ನವೆಂಬರ್ 8ರ ಗಡುವು ಕೊಟ್ಟಿತು. ಒಂದು ವರ್ಷ ಮುಂದೆ ಹಾಕಿ ಅಂತ ಮೊರಾಕ್ಕೊ ಪಟ್ಟು ಹಿಡಿಯಿತು. ನವೆಂಬರ್ 11ರಂದು ಸಿಎಎಫ್ ಆತಿಥ್ಯವನ್ನು ಕಿತ್ತುಕೊಂಡಿತು, ಮೊರಾಕ್ಕೊ ತಂಡವನ್ನೇ ಟೂರ್ನಿಯಿಂದ ಹೊರಗಿಟ್ಟಿತು. ಮೂರೇ ದಿನದಲ್ಲಿ ಹೊಸ ಆತಿಥೇಯ ದೇಶ ಸಿಕ್ಕಿತು: ಈಕ್ವಟೋರಿಯಲ್ ಗಿನಿ.

ಇಲ್ಲಿ ಯಾರ ಕಡೆ ನಿಲ್ಲಬೇಕು ಅಂತ ನೀವು ಆಗಲೇ ತೀರ್ಮಾನ ಮಾಡಿರಬಹುದು. ಜನರ ಜೀವ ಕಾಪಾಡಲು ಹೊರಟ ಸರ್ಕಾರ ಒಂದು ಕಡೆ, ಟಿವಿ ಹಣದ ಹಿಂದೆ ಬಿದ್ದ ಕ್ರೀಡಾ ಸಂಸ್ಥೆ ಇನ್ನೊಂದು ಕಡೆ. ನನಗೂ ಮೊದಲು ಹಾಗೇ ಕಂಡಿತ್ತು. ವಿವರಕ್ಕೆ ಇಳಿದರೆ ಚಿತ್ರ ಅಷ್ಟು ಸಲೀಸಲ್ಲ.

ಅದೇ ದೇಶ, ಅದೇ ಚಳಿಗಾಲ, ಇನ್ನೊಂದು ಟೂರ್ನಿ

ಎಬೋಲಾ ಗಾಳಿಯಲ್ಲಿ ಹರಡುವ ರೋಗ ಅಲ್ಲ. ರೋಗಲಕ್ಷಣ ಕಾಣಿಸಿಕೊಂಡ ವ್ಯಕ್ತಿಯ ರಕ್ತ, ವಾಂತಿ, ಬೆವರಿನಂಥ ದೇಹದ್ರವಗಳ ನೇರ ಸಂಪರ್ಕದಿಂದ ಹರಡುತ್ತೆ. ಸೋಂಕು ತಗುಲಿ ಲಕ್ಷಣ ಕಾಣೋಕೆ 2ರಿಂದ 21 ದಿನ ಬೇಕು, ಆ ಅವಧಿಯಲ್ಲಿ ಆ ವ್ಯಕ್ತಿಯಿಂದ ಬೇರೆಯವರಿಗೆ ಹರಡೋದಿಲ್ಲ. ಅತಿ ಹೆಚ್ಚು ಅಪಾಯ ಇದ್ದದ್ದು ರೋಗಿಗಳ ಆರೈಕೆ ಮಾಡುವವರಿಗೆ, ಶವಕ್ಕೆ ಸ್ನಾನ ಮಾಡಿಸುವವರಿಗೆ. ಸ್ಟೇಡಿಯಂನಲ್ಲಿ ಹತ್ತು ಸಾಲು ಆಚೆ ಕೂತವರಿಗಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಪ್ರಯಾಣ, ವ್ಯಾಪಾರಗಳ ಮೇಲೆ ಸಾರಾಸಗಟು ನಿಷೇಧ ಬೇಡ ಅಂದಿತ್ತು.

ಮೊರಾಕ್ಕೊ ಸರ್ಕಾರಕ್ಕೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇರೆ ವಿಮಾನ ಸಂಸ್ಥೆಗಳು ಎಬೋಲಾ ಪೀಡಿತ ದೇಶಗಳಿಗೆ ಹಾರಾಟ ನಿಲ್ಲಿಸಿದಾಗ ಹಾರಾಟ ಮುಂದುವರಿಸಿದ ಕೆಲವೇ ಸಂಸ್ಥೆಗಳಲ್ಲಿ ಅದರದ್ದೇ ರಾಯಲ್ ಏರ್ ಮರೋಕ್ ಒಂದು. ಅದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ವೈದ್ಯರು, ಔಷಧ ಅಲ್ಲಿಗೆ ತಲುಪಿದ್ದು ಇಂಥ ವಿಮಾನಗಳಿಂದಲೇ. ತವರಿನಲ್ಲಿ ಆಡಲಾಗದ ಗಿನಿ ತಂಡ ತನ್ನ ‘ತವರು’ ಅರ್ಹತಾ ಪಂದ್ಯಗಳನ್ನು ಆಡಿದ್ದು ಮೊರಾಕ್ಕೊದ ಕಾಸಾಬ್ಲಾಂಕಾದಲ್ಲೇ. ಇನ್ನೂ ಸೋಜಿಗ ಅಂದ್ರೆ, 2014ರ ಡಿಸೆಂಬರ್‌ನಲ್ಲಿ, ಎಬೋಲಾ ಇನ್ನೂ ಉರಿಯುತ್ತಿರುವಾಗಲೇ, ಮೊರಾಕ್ಕೊ ಫಿಫಾ ಕ್ಲಬ್ ವಿಶ್ವಕಪ್ ನಡೆಸಿತು. ರಿಯಲ್ ಮ್ಯಾಡ್ರಿಡ್ ಬಂದು ಗೆದ್ದುಕೊಂಡು ಹೋಯಿತು. ಆ ಟೂರ್ನಿಗೆ ಬರೋದು ಮ್ಯಾಡ್ರಿಡ್ ಅಭಿಮಾನಿಗಳು, ಕೊನಾಕ್ರಿಯವರಲ್ಲ ಅನ್ನೋದಷ್ಟೇ ವ್ಯತ್ಯಾಸ. ಯುರೋಪಿನ ಪ್ರವಾಸಿಗರನ್ನು ನೆಚ್ಚಿಕೊಂಡಿದ್ದ ದೇಶಕ್ಕೆ ‘ಎಬೋಲಾ’ ಅನ್ನೋ ಪದ ತನ್ನ ಹೆಸರಿನ ಪಕ್ಕ ಕಾಣಿಸಿಕೊಳ್ಳೋದೇ ದೊಡ್ಡ ಭಯ ಆಗಿತ್ತು ಅಂತ ನನಗನ್ನಿಸುತ್ತೆ.

(ಆ ಕ್ಲಬ್ ವಿಶ್ವಕಪ್‌ನಲ್ಲಿ ಮಳೆ ಸುರಿದು ರಬಾತ್‌ನ ಮೈದಾನ ಕೆಸರುಗದ್ದೆಯಾಯಿತು. ಬಕೆಟ್ ಹಿಡಿದು ನೀರು ಎತ್ತುವ ದೃಶ್ಯ ಜಗತ್ತೆಲ್ಲ ನೋಡಿತು. ಎಬೋಲಾ ಜಗಳದಲ್ಲಿ ಮುಂದೆ ನಿಂತಿದ್ದ ಕ್ರೀಡಾ ಸಚಿವರು ಕುರ್ಚಿ ಕಳೆದುಕೊಂಡದ್ದು ಆ ಕೆಸರಿಗೆ, ವೈರಸ್‌ಗಲ್ಲ.)

ಸಿಎಎಫ್ ಏನು ಸಾಚಾನಾ?

ಅಲ್ಲ. ಸಿಎಎಫ್ ಹಠ ಹಿಡಿದದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದ ಅಂತ ಅಂದುಕೊಂಡರೆ ನಾವು ಪೆದ್ದರು. ಆಫ್ರಿಕಾ ಕಪ್ ಅದರ ಆದಾಯದ ಮುಖ್ಯ ಮೂಲ. ಪ್ರಸಾರ ಹಕ್ಕು, ಪ್ರಾಯೋಜಕರು, ಯುರೋಪಿನ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡುವ ದಿನಾಂಕ, ಎಲ್ಲವೂ ಆ ಜನವರಿಗೆ ಕಟ್ಟುಬಿದ್ದಿದ್ದವು. ಕ್ಯಾಲೆಂಡರ್ ಅಲುಗಾಡಿಸೋಕೆ ಆಗಲ್ಲ ಅನ್ನೋದು ಅದರ ಉತ್ತರ. ತಮಾಷೆ ನೋಡಿ: 2015ರ ಮಾರ್ಚ್‌ನಲ್ಲಿ, ಮೊರಾಕ್ಕೊಗೆ ಶಿಕ್ಷೆ ಕೊಟ್ಟ ಆರೇ ವಾರಕ್ಕೆ, ಫಿಫಾ ಕತಾರ್ ವಿಶ್ವಕಪ್ಪನ್ನು ಬೇಸಿಗೆಯಿಂದ ನವೆಂಬರ್-ಡಿಸೆಂಬರ್‌ಗೆ ಎತ್ತಿ ಹಾಕಿತು. ಕಾರಣ ಸೆಕೆ. ಅಲುಗಾಡದ ಕ್ಯಾಲೆಂಡರ್ ಅನ್ನೋದು ಇಲ್ಲವೇ ಇಲ್ಲ, ಅಲುಗಾಡಿಸುವ ತಾಕತ್ತು ಯಾರಿಗಿದೆ ಅನ್ನೋದಷ್ಟೇ ಪ್ರಶ್ನೆ.

ಇನ್ನು ಈಕ್ವಟೋರಿಯಲ್ ಗಿನಿ. 1979ರಿಂದ ಟಿಯೊಡೊರೊ ಒಬಿಯಾಂಗ್ ಒಬ್ಬರೇ ಆಳುತ್ತಿರುವ, ತೈಲದ ದುಡ್ಡಿನ ಪುಟ್ಟ ದೇಶ. ಅನರ್ಹ ಆಟಗಾರನನ್ನು ಆಡಿಸಿದ್ದಕ್ಕೆ ಅದರ ತಂಡವನ್ನು ಅದೇ ವರ್ಷ ಅರ್ಹತಾ ಸುತ್ತಿನಿಂದ ಹೊರಹಾಕಿದ್ದದ್ದು ಇದೇ ಸಿಎಎಫ್. ಆತಿಥೇಯ ಅನ್ನೋ ಕಾರಣಕ್ಕೆ ಈಗ ನೇರ ಪ್ರವೇಶ ಸಿಕ್ಕಿತು. ಎರಡು ತಿಂಗಳಲ್ಲಿ ಟೂರ್ನಿಯೊಂದನ್ನು ಎತ್ತಿ ನಿಲ್ಲಿಸೋಕೆ ಸಂಸತ್ತು, ಕೋರ್ಟು, ಪತ್ರಕರ್ತರ ಕಾಟ ಇಲ್ಲದ ಸರ್ವಾಧಿಕಾರಿ ಎಷ್ಟು ಅನುಕೂಲ ಅಂತ ಆಗ ಅರ್ಥವಾಯಿತು. ಘಾನಾ ವಿರುದ್ಧದ ಸೆಮಿಫೈನಲ್‌ನಲ್ಲಿ ಪ್ರೇಕ್ಷಕರು ಬಾಟಲಿ ಎಸೆದು ಪಂದ್ಯ ಅರ್ಧ ಗಂಟೆಗೂ ಹೆಚ್ಚು ನಿಂತಿತು. ಆ ಟೂರ್ನಿಯಲ್ಲಿ ಜನ ಭಯಪಟ್ಟದ್ದು ಗಲಭೆಗೆ. ಎಬೋಲಾ ಅಲ್ಲಿಂದ ಹರಡಲಿಲ್ಲ. ಎಬೋಲಾ ಪೀಡಿತ ಗಿನಿ ಕ್ವಾರ್ಟರ್ ಫೈನಲ್‌ವರೆಗೂ ಹೋಯಿತು, ಅದೂ ಮಾಲಿ ಜೊತೆ ಎಲ್ಲದರಲ್ಲೂ ಸಮ ಆಗಿ, ಚೀಟಿ ಎತ್ತಿ! ಫೈನಲ್‌ನಲ್ಲಿ ಘಾನಾವನ್ನು ಪೆನಾಲ್ಟಿಯಲ್ಲಿ 9-8ರಿಂದ ಸೋಲಿಸಿ ಐವರಿ ಕೋಸ್ಟ್ ಕಪ್ ಎತ್ತಿತು.

ಮೊರಾಕ್ಕೊಗೆ ಸಿಎಎಫ್ 10 ಲಕ್ಷ ಡಾಲರ್ ದಂಡ, ಸುಮಾರು 80 ಲಕ್ಷ ಯೂರೊ ಪರಿಹಾರ, ಮುಂದಿನ ಎರಡು ಆಫ್ರಿಕಾ ಕಪ್‌ಗಳಿಂದ ನಿಷೇಧ ಹಾಕಿತು. ವಿಷಯ ಸ್ವಿಟ್ಜರ್ಲೆಂಡ್‌ನ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಯಿತು. 2015ರ ಏಪ್ರಿಲ್‌ನಲ್ಲಿ ಬಂದ ತೀರ್ಪು ನಿಷೇಧವನ್ನು ರದ್ದು ಮಾಡಿತು, ದಂಡವನ್ನು 50,000 ಡಾಲರ್‌ಗೆ ಇಳಿಸಿತು. ಹಾಗಂತ ಮೊರಾಕ್ಕೊ ವಾದವನ್ನು ಪೂರ್ತಿ ಒಪ್ಪಲೂ ಇಲ್ಲ. ಎಬೋಲಾದಿಂದ ಟೂರ್ನಿ ನಡೆಸೋದು ಕಷ್ಟವಾಗಿತ್ತೇ ಹೊರತು ಅಸಾಧ್ಯವಾಗಿರಲಿಲ್ಲ ಅನ್ನೋದು ಅದರ ನಿಲುವು. ಕಷ್ಟ ಬೇರೆ, ಅಸಾಧ್ಯ ಬೇರೆ. ಈ ಗೆರೆ ಎಲ್ಲಿದೆ ಅನ್ನೋದರ ಮೇಲೆ ಐದು ವರ್ಷದ ನಂತರ ಕೋವಿಡ್ ಕಾಲದಲ್ಲಿ ವಕೀಲರು ಪುಟಗಟ್ಟಲೆ ಬರೆದರು.

ಈ ಜಗಳದಲ್ಲಿ ನಿಜವಾಗಿ ಪೆಟ್ಟು ತಿಂದವರು ಸಿಯೆರಾ ಲಿಯೋನ್ ಆಟಗಾರರು. ಅವರ ದೇಶದಲ್ಲಿ ಪಂದ್ಯ ನಡೆಸುವಂತಿರಲಿಲ್ಲ, ಹಾಗಾಗಿ ‘ತವರು’ ಪಂದ್ಯವನ್ನೂ ಎದುರಾಳಿಯ ಊರಲ್ಲೇ ಆಡಿದರು. ಬಹುಪಾಲು ಆಟಗಾರರು ವಿದೇಶಿ ಕ್ಲಬ್‌ಗಳಲ್ಲಿ ಆಡುವವರು. ಆದರೂ ಕ್ಯಾಮರೂನ್‌ನಲ್ಲಿ ದಿನಕ್ಕೆ ಎರಡು ಬಾರಿ ಜ್ವರ ತಪಾಸಣೆ. ಕಾಂಗೋದ ಲುಬುಂಬಾಷಿಯಲ್ಲಿ ಇಡೀ ಗ್ಯಾಲರಿ ‘ಎಬೋಲಾ, ಎಬೋಲಾ’ ಅಂತ ಕೂಗಿತು. ಸೆಶೆಲ್ಸ್ ಅವರ ಜೊತೆ ಆಡೋದೇ ಇಲ್ಲ ಅಂತ ಪಂದ್ಯ ಬಿಟ್ಟುಕೊಟ್ಟಿತು. 2020ರ ಆರಂಭದಲ್ಲಿ ನಮ್ಮ ನಗರಗಳಲ್ಲಿ ಈಶಾನ್ಯದ ಹುಡುಗರನ್ನು ‘ಕೊರೊನಾ’ ಅಂತ ಕರೆದದ್ದು ನೆನಪಿದ್ದರೆ, ಇದು ದೂರದ ಕತೆ ಅಂತ ಅನ್ನಿಸೋದಿಲ್ಲ.

ಕೋವಿಡ್ ಏಕೆ ಬೇರೆ?

ಕೋವಿಡ್ ಗಾಳಿಯಲ್ಲಿ ಹರಡುತ್ತೆ, ಲಕ್ಷಣ ಕಾಣುವ ಮೊದಲೇ ಹರಡುತ್ತೆ. ಅಲ್ಲಿ ಸ್ಟೇಡಿಯಂ ನಿಜಕ್ಕೂ ಅಪಾಯ. 2020ರ ಮಾರ್ಚ್ 17ರಂದು ಯುರೋ 2020 ಮತ್ತು ಕೋಪಾ ಅಮೆರಿಕ ಎರಡನ್ನೂ ಒಂದು ವರ್ಷ ಮುಂದೂಡಿದ್ದು ಸರಿಯಾದ ತೀರ್ಮಾನ. ಆದರೆ ಮುಂದೂಡಿದ ಮಾತ್ರಕ್ಕೆ ರೋಗ ಮುಗಿಯಲ್ಲ. 2021ರ ಯುರೋ ಮೊದಲ ಹದಿನೆಂಟು ದಿನಗಳಲ್ಲೇ ಸ್ಕಾಟ್ಲೆಂಡ್‌ನಲ್ಲಿ ಅದಕ್ಕೆ ನಂಟಿದ್ದ 1,991 ಪ್ರಕರಣ ದಾಖಲಾದವು. ಅವರಲ್ಲಿ 1,294 ಜನ ಲಂಡನ್‌ಗೆ ಹೋಗಿದ್ದರು, ಸ್ಟೇಡಿಯಂ ಒಳಗೆ ಇದ್ದವರು 397 ಮಾತ್ರ. ಉಳಿದದ್ದು ಪಬ್ಬು, ಬಸ್ಸು, ರೈಲು. ಕೋಪಾ ಕತೆ ಇನ್ನೂ ಕೆಟ್ಟದ್ದು. ಪ್ರತಿಭಟನೆಯಿಂದ ಕೊಲಂಬಿಯಾ, ಕೋವಿಡ್‌ನಿಂದ ಅರ್ಜೆಂಟೀನಾ ಆತಿಥ್ಯ ಕಳೆದುಕೊಂಡ ಮೇಲೆ ಟೂರ್ನಿ ಹೋಗಿ ಬಿದ್ದದ್ದು ಬೊಲ್ಸೊನಾರೊ ಅವರ ಬ್ರೆಜಿಲ್‌ಗೆ. ಅಲ್ಲಿ ಸತ್ತವರ ಸಂಖ್ಯೆ ಆಗ ಐದು ಲಕ್ಷದ ಹತ್ತಿರ ಇತ್ತು. ಮಾಸ್ಟರ್‌ಕಾರ್ಡ್‌ನಂಥ ಪ್ರಾಯೋಜಕರೇ ತಮ್ಮ ಲೋಗೊ ತೆಗೆಸಿದರು. ಇಲ್ಲೂ ಮಲಬೋದ ಅದೇ ಸೂತ್ರ: ಜವಾಬ್ದಾರಿ ಇರುವ ಸರ್ಕಾರ ಹಿಂದೆ ಸರಿದರೆ, ಕೈ ಎತ್ತುವ ಇನ್ನೊಂದು ಸರ್ಕಾರ ಎಲ್ಲಾದರೂ ಸಿಕ್ಕೇ ಸಿಗುತ್ತೆ.

ಮುಂದೂಡಿಕೆಯ ಬೆಲೆ ಯಾರು ಕೊಡ್ತಾರೆ?

ಸಾರ್ಸ್ ಬಂದಾಗ, 2003ರಲ್ಲಿ, ಮಹಿಳಾ ವಿಶ್ವಕಪ್ಪನ್ನು ಚೀನಾದಿಂದ ಅಮೆರಿಕಕ್ಕೆ ಸ್ಥಳಾಂತರಿಸಿದರು. ಚೀನಾಕ್ಕೆ 2007ರ ಆತಿಥ್ಯ ಖಾತರಿ ಮಾಡಿದರು, ತಂಡಕ್ಕೆ ನೇರ ಪ್ರವೇಶ ಉಳಿಸಿದರು. ಯಾರನ್ನೂ ಶಿಕ್ಷಿಸಲಿಲ್ಲ. ಮೊರಾಕ್ಕೊಗೆ ಈ ದಾರಿ ಯಾಕೆ ಕೊಡಲಿಲ್ಲ ಅನ್ನೋ ಪ್ರಶ್ನೆಗೆ ನನಗೆ ಇವತ್ತಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ನಮ್ಮ ದೇಶದ ಲೆಕ್ಕವೂ ಇದೆ. 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ 2020ರ ನವೆಂಬರ್‌ನಲ್ಲಿ ಭಾರತದಲ್ಲಿ ನಡೆಯಬೇಕಿತ್ತು. ಮೊದಲು 2021ರ ಫೆಬ್ರವರಿಗೆ ಮುಂದೂಡಿದರು, ವಯಸ್ಸಿನ ಮಿತಿಯನ್ನು ಹಾಗೇ ಉಳಿಸಿದರು. ಆಮೇಲೆ ಪೂರ್ತಿ ರದ್ದು. ಬದಲಿಗೆ 2022ರ ಆತಿಥ್ಯ ಕೊಟ್ಟರು. ದೇಶಕ್ಕೆ ನಷ್ಟ ಆಗಲಿಲ್ಲ. ಆದರೆ 2003, 2004ರಲ್ಲಿ ಹುಟ್ಟಿದ ಹುಡುಗಿಯರಿಗೆ 2022ರ ಹೊತ್ತಿಗೆ ವಯಸ್ಸು ಮೀರಿತ್ತು. ಅವರು ಕ್ಯಾಂಪ್‌ನಲ್ಲಿ ಬೆವರು ಸುರಿಸಿದ್ದ ವಿಶ್ವಕಪ್ಪನ್ನು ಅವರ ತಂಗಿಯರ ವಯಸ್ಸಿನವರು ಆಡಿದರು. ಅದೇ ಫಿಫಾ, ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋದಾಗ, 23 ವರ್ಷದೊಳಗಿನ ಪುರುಷರಿಗೆ ಒಂದು ವರ್ಷದ ವಿನಾಯಿತಿ ಕೊಟ್ಟು, 1997ರಲ್ಲಿ ಹುಟ್ಟಿದವರೂ ಆಡಬಹುದು ಅಂದಿತ್ತು.

ಮುಂದೂಡದೆ ನಡೆಸಿದರೂ ಹೊರೆ ಬಿದ್ದದ್ದು ಇಂಥವರ ಮೇಲೆಯೇ. 2022ರ ಜನವರಿಯಲ್ಲಿ ಎಎಫ್‌ಸಿ ಮಹಿಳಾ ಏಷ್ಯನ್ ಕಪ್ ನಮ್ಮಲ್ಲೇ ನಡೆಯಿತು. ನಿಯಮದ ಪ್ರಕಾರ ಕನಿಷ್ಠ 13 ಆಟಗಾರ್ತಿಯರು ಇರಬೇಕು. ನವಿ ಮುಂಬೈನಲ್ಲಿ ಚೈನೀಸ್ ತೈಪೆ ವಿರುದ್ಧದ ಪಂದ್ಯದ ದಿನ ಕೋವಿಡ್‌ನಿಂದಾಗಿ ಭಾರತಕ್ಕೆ ಅಷ್ಟು ಜನ ಸಿಗಲಿಲ್ಲ. ಪಂದ್ಯವನ್ನು ಎರಡು ದಿನ ಮುಂದೆ ಹಾಕಲಿಲ್ಲ, ತಂಡ ಹಿಂದೆ ಸರಿದಿದೆ ಅಂತ ಪರಿಗಣಿಸಿದರು. ಇರಾನ್ ಜೊತೆ 0-0 ಡ್ರಾ ಮಾಡಿಕೊಂಡಿದ್ದ ಮೊದಲ ಪಂದ್ಯವನ್ನೂ ಲೆಕ್ಕದಿಂದ ಅಳಿಸಿದರು. ಅದರ ಜೊತೆಗೆ 2023ರ ವಿಶ್ವಕಪ್ ದಾರಿಯೂ ಮುಚ್ಚಿತು, ಆತಿಥೇಯ ತಂಡ ಆಡಿದ್ದು ಒಂದೇ ಒಂದು ಪಂದ್ಯ.