ನೂರಾ ಎಂಬತ್ತೊಂದು ಡಿಗ್ರಿ

ದಸರಾ ರಜೆಗೆ ಬೀದರಿನಿಂದ ಅಣ್ಣನ ಮಗಳು ನಾಂಪಲ್ಲಿ ಸ್ಟೇಷನ್ ಹಿಂದಿನ ನನ್ನ ಬಾಡಿಗೆ ಮನೆಗೆ ಬಂದಿದ್ದಳು. ಒಂಬತ್ತನೇ ತರಗತಿ. ಒಂದು ತ್ರಿಭುಜ ಬರೆದು, ಮೂರೂ ಕೋನ ಅಳೆದು ಕೂಡಿಸಬೇಕು, ಅದು ಹೋಂವರ್ಕ್. ಕೋನಮಾಪಕ ಇಟ್ಟು 62, 48, 71 ಎಂದು ಬರೆದಳು. ಮೊತ್ತ 181. ಸದ್ದಿಲ್ಲದೆ ರಬ್ಬರ್ ತೆಗೆದು 71ನ್ನು 70 ಮಾಡಿದಳು.

ನಾನು ನೋಡಿದ್ದು ಗೊತ್ತಾಗಿ, "ಹೊಲ ಅಳಿಯೋರು ಟೇಪ್ ಹಿಡೀತಾರ, ಈ ಕೋನ ಯಾರಿಗೆ ಬೇಕ್ರಿ ಕಾಕಾ?" ಎಂದಳು.

ಉತ್ತರ ಅವಳ ಊರಿನ ಹತ್ತಿರವೇ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೇನೆಯಲ್ಲಿದ್ದವನು ವಿಲಿಯಂ ಲ್ಯಾಂಬ್ಟನ್. ದಕ್ಷಿಣ ಭಾರತವನ್ನು ಕರಾರುವಾಕ್ಕಾಗಿ ಅಳೆಯಬೇಕೆಂಬ ಯೋಜನೆ ಅವನದು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ 100 ಅಡಿಯ ಉಕ್ಕಿನ ಸರಪಳಿಯಿಂದ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಅಳೆದ. ಅಷ್ಟಕ್ಕೇ ವಾರಗಟ್ಟಲೆ ಹಿಡಿಯಿತು. ನಾಡನ್ನೆಲ್ಲ ಹೀಗೆ ಸರಪಳಿ ಎಳೆದು ಅಳೆಯುವುದು ಆಗದ ಮಾತು.

ಕೋನ ಬೇಕಾದದ್ದು ಇಲ್ಲಿ. ಒಂದು ಬಾಹು ಮತ್ತು ಅದರ ಎರಡು ತುದಿಯ ಕೋನ ಗೊತ್ತಿದ್ದರೆ ಉಳಿದೆರಡು ಬಾಹುಗಳ ಉದ್ದ ಲೆಕ್ಕದಲ್ಲೇ ಸಿಗುತ್ತದೆ. ಸಿಕ್ಕ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ, ಅದರ ಮೇಲೆ ಮತ್ತೊಂದು. ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಕೂಲಿಗಳು ಗುಡ್ಡದಿಂದ ಗುಡ್ಡಕ್ಕೆ ಹೊತ್ತರು.

ಎರಡು ಕೋನ ಅಳೆದರೆ ಮೂರನೆಯದು ತಾನೇ ಗೊತ್ತಾಗುತ್ತದೆ: 180ರಲ್ಲಿ ಕಳೆದರಾಯಿತು. ಆದರೂ ಮೂರನೇ ಗುಡ್ಡವನ್ನೂ ಹತ್ತಿ ಅಳೆಯುವುದು ಮೋಜಣಿಯ ಶಿಸ್ತು. ಯಾಕೆಂದರೆ ಮೂರನ್ನೂ ಅಳೆದಾಗ ಮಾತ್ರ ತಪ್ಪು ಕಣ್ಣಿಗೆ ಬೀಳುತ್ತದೆ. ಒಂದು ಬಿಂದುವಿನ ಸುತ್ತಲಿನ ಕೋನಗಳ ಮೊತ್ತ 360 ಎಂಬ ನಿಯಮವೂ ಇಂಥದೇ ಕಾವಲು. ಸಾಲದ್ದಕ್ಕೆ ನಡುನಡುವೆ ಮತ್ತೆ ಸರಪಳಿ ಹಿಡಿದು ಪರೀಕ್ಷಿಸಿದರು. 1804ರಲ್ಲಿ ಬೆಂಗಳೂರಿನ ಬಳಿ ಅಳೆದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲ. 1815ರಲ್ಲಿ ಇಂಥದೇ ರೇಖೆಯನ್ನು ನಿಜಾಮರ ಸೀಮೆಯಲ್ಲಿ, ಬೀದರ್ ಸಮೀಪದ ದಾಮರಗಿದ್ದದಲ್ಲಿ ಅಳೆದರು. ಮೂರು ವರ್ಷದ ಮೇಲೆ ಲ್ಯಾಂಬ್ಟನ್‌ನ ಸಹಾಯಕನಾಗಿ ಹೈದರಾಬಾದಿಗೆ ಬಂದವನು ಜಾರ್ಜ್ ಎವರೆಸ್ಟ್.

"ಅವರಿಗೆ ಸರಿಯಾಗಿ 180 ಬರ್ತಿತ್ತೇನ್ರಿ?" ಎಂದು ಕೇಳಿದಳು.

ಇಲ್ಲ, ಬರಲೂಬಾರದು. 180 ಎಂಬುದು ಚಪ್ಪಟೆ ಹಾಳೆಯ ನಿಯಮ. ಭೂಮಿ ದುಂಡಗಿದೆ, ಅದರ ಮೇಲಿನ ತ್ರಿಭುಜದ ಕೋನಗಳ ಮೊತ್ತ ಕೊಂಚ ಹೆಚ್ಚೇ. ಸುಮಾರು 200 ಚದರ ಕಿಲೋಮೀಟರಿಗೆ ಒಂದು ಸೆಕೆಂಡ್, ಅಂದರೆ ಡಿಗ್ರಿಯ 3600ನೇ ಒಂದು ಪಾಲು. ಬಾಹು 50 ಕಿಲೋಮೀಟರ್ ಇರುವ ಸಮಬಾಹು ತ್ರಿಭುಜದಲ್ಲಿ ಇದು ಐದೂವರೆ ಸೆಕೆಂಡ್ ಆಗುತ್ತದೆ. 180 ಬರಲಿ ಎಂದು ಅಂಕಿ ತಿದ್ದಿದ್ದರೆ ಭೂಮಿಯ ದುಂಡುತನವನ್ನೇ ರಬ್ಬರಿನಿಂದ ಅಳಿಸಿದಂತಾಗುತ್ತಿತ್ತು.

ಅವಳ ಒಂದು ಡಿಗ್ರಿ ಭೂಮಿಯದಲ್ಲ, ಕೋನಮಾಪಕ ಜರುಗಿದ್ದರಿಂದ ಬಂದದ್ದು. ಅದನ್ನೂ ಹೇಳಿದೆ. ಆದರೆ ಕಂಡದ್ದನ್ನು ಬರೆಯದಿದ್ದರೆ ಯಾವ ತಪ್ಪು ಎಲ್ಲಿಂದ ಬಂತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆಫೀಸಿನಲ್ಲಿ ತಿಂಗಳ ವರದಿ ಹೊಂದಿಸುವಾಗ ನಾನೂ ಎಷ್ಟೋ ಸಲ ಆ ರಬ್ಬರ್ ಹಿಡಿದಿದ್ದೇನೆ. ಅದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಅವಳು ಮತ್ತೆ 71 ಬರೆದಳು. ಕೆಳಗೆ, "ಮೊತ್ತ 181. ಅಳತೆಯಲ್ಲಿ 1 ಡಿಗ್ರಿ ತಪ್ಪಿದೆ" ಎಂದು ಸೇರಿಸಿದಳು.

ರಜೆ ಮುಗಿದು ಬೀದರಿನ ರೈಲು ಹತ್ತಿದವಳು ಕಿಟಕಿಯಿಂದ ಕೇಳಿದಳು: "ದಾಮರಗಿದ್ದ ಯಾವ ಕಡೆ ಬರ್ತದ ಕಾಕಾ?"